ಮಿಷನ್ ಮಾಮ ಮನೆಯ ಬೆಲೆ ಇಳಿಸಿದ್ದು

ಬೆಳಿಗ್ಗೆ ಎದ್ದ ಮಿಷನ್ ಮಾಮ ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲೇ ಎಣ್ಣೆ ಡಬ್ಬಿ ಕೈಗೆತ್ತಿಕೊಳ್ಳುತ್ತಿದ್ದರು. ಕೊಕ್ಕರೆಯ ಕೊಕ್ಕಿನಂತೆ ಉದ್ದ ಮೂತಿಯ, ಹೊಟ್ಟೆ ಒತ್ತಿದರೆ ‘ಟಿಕ್’ ಎನ್ನುವ ಪುಟ್ಟ ಡಬ್ಬಿ ಅದು. ಮುಂಬಾಗಿಲ ಕೀಲಿಗೆ ಒಂದು ಹನಿ, ಚಿಲಕಕ್ಕೆ ಒಂದು ಹನಿ, ಬೀರುವಿನ ಬಾಗಿಲಿಗೆ ಒಂದು, ಹೆಂಡತಿಯ ಹೊಲಿಗೆ ಯಂತ್ರಕ್ಕೆ ಒಂದಿಷ್ಟು ಧಾರಾಳವಾಗಿ. ಜ್ವರ ಬಂದ ದಿನವೂ ಈ ಪ್ರದಕ್ಷಿಣೆ ತಪ್ಪಿದ್ದಿಲ್ಲ. ಹಾಗೆ ಜ್ವರದ ಮಂಪರಿನಲ್ಲಿ ಒಮ್ಮೆ, ಮಲಗಿದ್ದ ಮಗಳ ಮೊಣಕೈಗೂ ಒಂದು ಹನಿ ಬಿಟ್ಟಿದ್ದರೆಂದು ಮಗಳು ಈಗಲೂ ಹೇಳುತ್ತಾಳೆ. ಅವರು ಅದನ್ನು ಒಪ್ಪುವುದಿಲ್ಲ, ಅಲ್ಲಗಳೆಯುವುದೂ ಇಲ್ಲ.

ಹೊಲಿಗೆ ಯಂತ್ರಗಳ ರಿಪೇರಿ ಅವರ ಕಸುಬು. ಅದಕ್ಕೇ ಊರಿನ ಚಿಕ್ಕವರಿಗೂ ದೊಡ್ಡವರಿಗೂ ಅವರು ಮಿಷನ್ ಮಾಮ. ಅವರಿಗಿಂತ ಹಿರಿಯರಾದ ಅಂಚೆಯವರು ಕೂಡ ‘ಮಾಮ, ಕಾಗದ’ ಎಂದೇ ಕೂಗುತ್ತಿದ್ದರು. ಅಂಗಡಿ ರಸ್ತೆಯ ಕಡೆಗೆ, ಸಂಸಾರ ಅಂಗಡಿಯ ಹಿಂದಿನ ಎರಡು ಬಾಡಿಗೆ ಕೋಣೆಗಳಲ್ಲಿ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಚಕ್ರವಿರುವ ಹಳೆಯ ಕೈಯಂತ್ರವೊಂದು ಮಹಾರಾಜನ ಹಾಗೆ ಕುಳಿತಿತ್ತು. ಅದು ಅವರು ಮೊಟ್ಟಮೊದಲು ಬಿಚ್ಚಿ, ತಪ್ಪಿಲ್ಲದೆ ಮತ್ತೆ ಜೋಡಿಸಿದ ಯಂತ್ರ. ಹಳೆಯ ಸಾಮಾನು ಕೊಳ್ಳುವವರು ಬಂದು ಒಳ್ಳೆಯ ಬೆಲೆಗೆ ಕೇಳಿದರೂ ಅವರು ಗಾಜು ಒರೆಸುತ್ತಲೇ ಇರುತ್ತಿದ್ದರು.

ಮಾಮನಿಗೆ ಒಂದು ಹೆಮ್ಮೆ ಇತ್ತು, ಒಂದು ಕಾಯಿಲೆ ಇತ್ತು. ಹೆಮ್ಮೆ ಎಂದರೆ ಚೌಕಾಸಿ. ಈ ವಿದ್ಯೆಯಲ್ಲಿ ತಾನು ಚಕ್ರವರ್ತಿ, ಉಳಿದವರೆಲ್ಲ ಸಾಮಂತರು ಎಂದು ಅವರು ದೃಢವಾಗಿ ನಂಬಿದ್ದರು. ಬೇಕಾದ ವಸ್ತುವನ್ನು ಒದ್ದೆ ಚಪ್ಪಲಿ ನೋಡಿದ ಹಾಗೆ ನೋಡಬೇಕು, ಮೊದಲು ಅದರ ದೋಷ ಎತ್ತಿ ಆಡಬೇಕು, ಆಮೇಲೆ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹೋಗಬೇಕು ಎಂಬುದು ಅವರ ಶಾಸ್ತ್ರ. ಕಾಯಿಲೆ ಎಂದರೆ, ಕೆಟ್ಟ ವಸ್ತು ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಷರ್ಟಿನ ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಸ್ಕ್ರೂಡ್ರೈವರ್. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋದವರು ಮಂಚದ ಕೆಳಗೆ ತೂರಿ ಚಕ್ರ ಬಿಗಿ ಮಾಡಿ ಬಂದಿದ್ದರು. ರೋಗಿಯ ಮುಖ ನೋಡಲು ಮಾತ್ರ ಮರೆತಿದ್ದರು.

ಹೆಂಡತಿ ಪರದೆ ಹೊಲಿಯುವವಳು. ಊರಿಗೆಲ್ಲ ಪರದೆಯಕ್ಕ. ಯಾರ ಮನೆಯ ಕಿಟಕಿ ಎಷ್ಟು ಅಗಲ, ಯಾರ ಮನೆಯಲ್ಲಿ ಸಂಜೆಯ ಬಿಸಿಲು ಹೊಡೆಯುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಬೆಳಿಗ್ಗೆ ಯಂತ್ರದ ಮುಂದೆ ಕೂತು, ಒಂದು ಗಳಿಗೆ ಕಣ್ಣು ಮುಚ್ಚಿ ದೇವರನ್ನು ನೆನೆದು ದಾರ ಪೋಣಿಸಿದರೆ, ಮತ್ತೆ ಮಾತು ಕಡಿಮೆ. ಮಾತಾಡುವವರೇ ಅವಳ ಹತ್ತಿರ ಬಂದು ಕೂರುತ್ತಿದ್ದರು. ಹೀಗೆ ಊರಿನ ಕಿಟಕಿಗಳಿಗೆಲ್ಲ ಬಟ್ಟೆ ತೊಡಿಸಿದವಳ ಮನೆಯಲ್ಲಿ ಇದ್ದದ್ದು ಒಂದೇ ಕಿಟಕಿ. ಅದನ್ನು ತೆರೆದರೆ ಕೈಗೆ ಸಿಗುವುದು ಪಕ್ಕದವರ ಗೋಡೆ. ನಿಮ್ಮ ಮನೆಗೇಕೆ ಪರದೆ ಇಲ್ಲ ಎಂದು ಯಾರೋ ಕೇಳಿದಾಗ, ಗೋಡೆ ನಮ್ಮನ್ನೇನು ಇಣುಕಿ ನೋಡುತ್ತದೆಯೇ ಎಂದು ನಕ್ಕಿದ್ದಳು. ನಕ್ಕ ಮೇಲೆ ಆ ದಿನವೆಲ್ಲ ಅವಳ ಯಂತ್ರ ಸ್ವಲ್ಪ ಜೋರಾಗಿಯೇ ಓಡಿತ್ತು.

ಒಂದು ದಿನ ಪರದೆಗಳ ಗಂಟು ಹೊತ್ತು ಹೋದವಳು ಬರಿಗೈಯಲ್ಲಿ, ಆದರೆ ಒಂದು ಮನೆಯನ್ನು ಕಣ್ಣಲ್ಲಿ ತುಂಬಿಕೊಂಡು ಬಂದಳು. ಶಾಲೆಯ ಮೈದಾನದ ಎದುರಿನ ಮೂಲೆಮನೆಗೆ ‘ಮಾರಾಟಕ್ಕಿದೆ’ ಎಂಬ ಹಲಗೆ ಬಿದ್ದಿದೆ, ಮುಂದಿನ ಕೋಣೆಗೆ ಗೋಡೆಯ ಅರ್ಧದಷ್ಟು ದೊಡ್ಡ ಕಿಟಕಿ ಇದೆ, ಒಮ್ಮೆ ನೋಡಿ ಬರೋಣ ಎಂದಳು. ಮದುವೆಯಾದಂದಿನಿಂದ ಅವಳು ಬಾಯಿಬಿಟ್ಟು ಕೇಳಿದ ದೊಡ್ಡ ವಸ್ತು ಅದೊಂದೇ. ಇದು ಮಾಮನಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಅವರು ಮುಖ ಗಂಟು ಹಾಕಿಕೊಂಡು, ನೋಡೋಣ, ಆದರೆ ಅಲ್ಲಿ ನಿನ್ನ ಮುಖದ ಮೇಲೆ ಸಂತೋಷ ಕಾಣಬಾರದು ಎಂದು ತಾಕೀತು ಮಾಡಿದರು. ದಾರಿಯುದ್ದಕ್ಕೂ ಅವಳಿಗೆ ಒದ್ದೆ ಚಪ್ಪಲಿ ನೋಡುವ ಮುಖ ಹೇಗಿರಬೇಕೆಂದು ಮಾಡಿ ತೋರಿಸಿದರು. ಎದುರು ಬಂದ ಹಾಲಿನವನು, ಮಾಮನಿಗೆ ಹಲ್ಲುನೋವೆಂದು ತಿಳಿದು ಲವಂಗ ಇಟ್ಟುಕೊಳ್ಳಿ ಎಂದು ಹೇಳಿ ಹೋದ.

ಮನೆಯ ಒಡತಿ ನಿವೃತ್ತ ಶಿಕ್ಷಕಿ. ಎತ್ತರದ, ಒಣಕಲು ಮೈಯ, ಕನ್ನಡಕವನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡ ಹೆಂಗಸು. ಒಳಗೆ ಕಾಲಿಟ್ಟ ಮಾಮ ಕಲಿತ ವಿದ್ಯೆಯನ್ನೆಲ್ಲ ಮುಖದ ಮೇಲೆ ಹರಡಿಕೊಂಡು, ಗೋಡೆಯನ್ನು ಕಂಡು ಮೂಗು ಮುರಿದು, ಛಾವಣಿ ಕಂಡು ನಿಟ್ಟುಸಿರುಬಿಟ್ಟು, ‘ಹೂಂ’ ಎನ್ನುತ್ತ ತಿರುಗಿ ನೋಡಿದರೆ, ಹೆಂಡತಿ ಕಿಟಕಿಯ ಮುಂದೆ ನಿಂತಿದ್ದಾಳೆ! ಮೈದಾನದ ಬೆಳಕೆಲ್ಲ ಅವಳ ಮುಖದ ಮೇಲಿದೆ. ಅವಳಿಗೇ ತಿಳಿಯದ ಹಾಗೆ ಕೊರಳಲ್ಲಿದ್ದ ಅಳತೆಪಟ್ಟಿ ಕೈಗೆ ಬಂದಿದೆ, ಅದರ ಒಂದು ತುದಿ ಆಗಲೇ ಚೌಕಟ್ಟಿನ ಮೂಲೆ ಮುಟ್ಟಿದೆ. ಚಕ್ರವರ್ತಿಯ ಕೋಟೆ ಒಳಗಿನಿಂದಲೇ ಬಿದ್ದುಹೋಯಿತು.

ಶಿಕ್ಷಕಿ ಬೆಲೆ ಹೇಳಿದರು. ತಂಗಿಯ ಮನೆಯಲ್ಲಿ ಅರ್ಧಭಾಗ ಕೊಂಡು ಅವಳ ಜೊತೆ ಇರಲು ಹೋಗುತ್ತಿದ್ದೇನೆ, ಅದಕ್ಕೆ ಬೇಕಾದದ್ದು ಇಷ್ಟು, ಆದ್ದರಿಂದ ಬೆಲೆ ಇಷ್ಟು ಎಂದರು. ಮಾಮ ಸ್ವಲ್ಪ ನೋಡಿ ಹೇಳಿ ಎಂದಾಗ ಅವರು ಕನ್ನಡಕ ಏರಿಸಿಕೊಂಡರು.

“ನಾನು ಗಣಿತ ಕಲಿಸಿದವಳು. ಮಕ್ಕಳು ಎಷ್ಟು ಸಲ ಕೇಳಿದ್ರೂ ಉತ್ತರ ಬದಲಾಗ್ತಿರಲಿಲ್ಲ.”

ಸಾಲ ಕೊಡುವ ಬ್ಯಾಂಕಿನಿಂದ ಬೆಲೆ ಕಟ್ಟುವವರು ಬಂದರು. ಸದಾ ಮಂಡಿನೋವಿನ, ಸದಾ ಗೊಣಗುವ ಮನುಷ್ಯ. ಬಾಗಿಲು ತಳ್ಳಿ ನೋಡಿದರು, ನಲ್ಲಿ ತಿರುಗಿಸಿದರು, ಕಿಟಕಿಯನ್ನು ಎಳೆದು ಸೋತರು. ಕೊನೆಗೆ ಅವರು ಬರೆದ ಮಾರುಕಟ್ಟೆ ಬೆಲೆ ಶಿಕ್ಷಕಿ ಹೇಳಿದ್ದಕ್ಕಿಂತ ಗಣನೀಯವಾಗಿ ಕೆಳಗಿತ್ತು. ಬ್ಯಾಂಕು ಆ ಬೆಲೆಯ ಮೇಲೆಯೇ ಸಾಲ ಕೊಡುವುದು. ಮೇಲಿನದ್ದನ್ನು ಸ್ವಂತ ಜೇಬಿನಿಂದ ಹಾಕಬೇಕು. ಮಾಮನ ಜೇಬಿನಲ್ಲಿ ಸ್ಕ್ರೂಡ್ರೈವರ್ ಬಿಟ್ಟರೆ ಎಣ್ಣೆಯ ಕಲೆ ಮಾತ್ರ ಇತ್ತು. ಆದರೂ ಮಾಮನಿಗೆ ಎಲ್ಲಿಲ್ಲದ ಹುರುಪು. ನೋಡಿದಿರಾ, ನಾನು ಹೇಳಲಿಲ್ಲವೇ ಎಂದು ಕಾಗದದ ಪ್ರತಿ ಹಿಡಿದು ನೇರ ತಮ್ಮ ಅಂಗಡಿಯ ಪಕ್ಕದ ಕ್ಷೌರದಂಗಡಿಗೆ ನಡೆದರು. ಬೆಲೆ ಕಟ್ಟುವವರನ್ನು ಗೇಟಿನವರೆಗೆ ಕಳುಹಿಸಿ, ನೀರು ಕೊಟ್ಟು, ಅವರ ಮಂಡಿನೋವಿನ ಪೂರ್ವೋತ್ತರವನ್ನೆಲ್ಲ ನಿಂತು ಕೇಳಿಸಿಕೊಂಡವಳು ಪರದೆಯಕ್ಕ ಒಬ್ಬಳೇ.

ಕ್ಷೌರದಂಗಡಿಯಲ್ಲಿ ಮಾಮ ಶಪಥ ಮಾಡಿದರು. ಕುರ್ಚಿಯಲ್ಲಿ ಕೂತು ನೊರೆ ಹಚ್ಚಿಸಿಕೊಳ್ಳುತ್ತಿದ್ದವರು, ಸರದಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದವರು, ಎಲ್ಲರೂ ಸಾಕ್ಷಿ.

“ಮಾರ್ಕೆಟ್ ಬೆಲೆಗಿಂತ ಒಂದು ಕಾಸು ಜಾಸ್ತಿ ಕೊಟ್ರೆ ನನ್ನ ಅಂಗಡಿ ಬೋರ್ಡು ಕಿತ್ತು ಹಾಕಿ. ಆ ಟೀಚರ್ ತಾವಾಗಿ ಇಳೀತಾರೆ. ಇಳಿಸ್ತೀನಿ ನೋಡ್ತಿರಿ.”

ಉಪಾಯ ಸರಳವಾಗಿತ್ತು. ದಿನಕ್ಕೊಂದು ದೋಷ ಹಿಡಿದುಕೊಂಡು ಹೋಗುವುದು, ಅದನ್ನು ಶಿಕ್ಷಕಿಯ ಮುಂದೆ ವಿವರವಾಗಿ ಇಡುವುದು. ಹನಿಹನಿಯಾಗಿ ಅವರ ಧೈರ್ಯ ಸೋರಿಹೋಗಬೇಕು. ಮೊದಲ ದಿನದ ದೋಷ ಮುಂಬಾಗಿಲು. ಅದನ್ನು ತೆರೆದರೆ ಮುದಿ ಒಂಟೆಯೊಂದು ನರಳಿದ ಸದ್ದು ಬರುತ್ತಿತ್ತು. ಮಾಮ ಬಾಗಿಲನ್ನು ನಾಲ್ಕಾರು ಸಲ ತೆರೆದು ಮುಚ್ಚಿ, ಇಂಥ ಬಾಗಿಲಿರುವ ಮನೆಗೆ ನೆಂಟರು ಬರುವುದು ಹೇಗೆ, ಬಂದವರು ಹೆದರಿ ಓಡುವುದಿಲ್ಲವೇ ಎಂದು ವಾದಿಸಿದರು. ಶಿಕ್ಷಕಿ ತಲೆ ಓರೆ ಮಾಡಿ, ಹುಡುಗನ ಲೆಕ್ಕ ಪರೀಕ್ಷಿಸುವ ಹಾಗೆ ಪೂರ್ತಿ ಕೇಳಿದರು.

“ಹೌದೇ?” ಎಂದರು. ಚಹಾ ಮಾಡಲು ಒಳಗೆ ಹೋದರು.

ಅಲ್ಲಿಗೆ ಮಾಮ ಹೊರಟುಬಿಡಬೇಕಿತ್ತು. ಶಾಸ್ತ್ರದ ಪ್ರಕಾರ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ. ಆದರೆ ಕೈ! ದೋಷದ ಮೂಲ ಎಲ್ಲಿದೆ ಎಂದು ತಿಳಿದರೆ ನಾಳೆ ಇನ್ನೂ ಜೋರಾಗಿ ಆಡಿ ತೋರಿಸಬಹುದಲ್ಲ ಎಂದು ಅದು ಅವರಿಗೇ ಬುದ್ಧಿ ಹೇಳಿತು. ಮೂಲ ನೋಡಲು ಕೀಲು ಬಿಚ್ಚಬೇಕಾಯಿತು. ಬಿಚ್ಚಿದ ಮೇಲೆ ತುಕ್ಕು ಕಂಡಿತು. ತುಕ್ಕು ಕಂಡ ಮೇಲೆ ಕೆರೆಯದೆ ಹೇಗೆ? ಕೆರೆದದ್ದನ್ನು ಎಣ್ಣೆಯಿಲ್ಲದೆ ಮತ್ತೆ ಕೂರಿಸಿದರೆ ಕಸುಬಿಗೆ ದ್ರೋಹ. ಶಿಕ್ಷಕಿ ಚಹಾ ತರುವ ಹೊತ್ತಿಗೆ ಒಂಟೆ ಸತ್ತುಹೋಗಿತ್ತು. ಬಾಗಿಲು ಉಸಿರೂ ಬಿಡದೆ ತೆರೆಯುತ್ತಿತ್ತು.

ಮರುದಿನ ನಲ್ಲಿ. ಅದರ ತೊಟತೊಟ ಎಂಬ ಸದ್ದಿನ ಬಗ್ಗೆ ಮಾಮ ಅದ್ಭುತವಾಗಿ ಮಾತಾಡಿದರು. ಈ ಸದ್ದಿಗೆ ಮನುಷ್ಯನಿಗೆ ನಿದ್ದೆ ಹೋಗಲಿ, ಬುದ್ಧಿಯೇ ಹೋಗುತ್ತದೆ ಎಂದರು. ಶಿಕ್ಷಕಿ ‘ಹೌದೇ?’ ಎಂದರು. ಚಹಾ ಬರುವಷ್ಟರಲ್ಲಿ ನಲ್ಲಿ ಬಾಯಿ ಮುಚ್ಚಿಕೊಂಡಿತ್ತು. ಅದರ ಮರುದಿನ ಮಹಡಿಯ ಮೆಟ್ಟಿಲು. ಕಾಲಿಟ್ಟಲ್ಲೆಲ್ಲ ಕಿರುಗುಟ್ಟುವ ಆ ಮೆಟ್ಟಿಲುಗಳ ಕೆಳಗೆ ಮಾಮ ಮೊಳೆ ಕಚ್ಚಿಕೊಂಡು ಅಂಗಾತ ಮಲಗಿದ್ದನ್ನು ನೋಡಿ, ಬೀದಿಯಲ್ಲಿ ಹೋಗುತ್ತಿದ್ದವರು ಶಿಕ್ಷಕಿ ಒಳ್ಳೆಯ ಬಡಗಿಯನ್ನು ಹಿಡಿದಿದ್ದಾರೆ ಎಂದುಕೊಂಡರು. ಒಬ್ಬರು ತಮ್ಮ ಮನೆಗೂ ಬರಲು ಎಷ್ಟು ಕೇಳುತ್ತೀರಿ ಎಂದು ವಿಚಾರಿಸಿಯೂ ಬಿಟ್ಟರು. ನಾನು ಬಡಗಿಯಲ್ಲ, ಬೆಲೆ ಇಳಿಸಲು ಬಂದವನು ಎಂದು ಮಾಮ ಮೆಟ್ಟಿಲ ಕೆಳಗಿನಿಂದ ಗದರಿದರು.

ಮನೆಯಲ್ಲಿ ಮಾಮ ಪ್ರತಿ ಸಂಜೆ ಯುದ್ಧದ ವರದಿ ಒಪ್ಪಿಸುತ್ತಿದ್ದರು. ಇವತ್ತು ಅವರ ಮುಖ ಸ್ವಲ್ಪ ಇಳಿದಿತ್ತು, ನಾಳೆ ಇನ್ನಷ್ಟು ಇಳಿಯುತ್ತದೆ ಎನ್ನುತ್ತಿದ್ದರು. ಹೆಂಡತಿ ಹೊಲಿಯುತ್ತಲೇ ಕೇಳಿ, ಒಳ್ಳೆಯದು, ಇನ್ನೇನಾದರೂ ದೋಷ ಉಳಿದಿದೆಯೇ ನೋಡಿ, ಬಿಡಬೇಡಿ ಎನ್ನುತ್ತಿದ್ದಳು. ಬೆಳಿಗ್ಗೆ ಅವರ ಚೀಲಕ್ಕೆ ಊಟದ ಡಬ್ಬಿಯ ಜೊತೆ ಉಜ್ಜುಕಾಗದವನ್ನೂ ತುಕ್ಕು ಕೆರೆಯುವ ಅರವನ್ನೂ ತಾನೇ ಹಾಕಿ ಕೊಡುತ್ತಿದ್ದಳು. ನರ್ಸಿಂಗ್ ಓದುತ್ತಿದ್ದ ಮಗಳು ಮಾತ್ರ ಸುಮ್ಮನಿರುವವಳಲ್ಲ.

“ಅಪ್ಪಾ, ಬೆಲೆ ಇಳಿಸೋಕೆ ಹೋಗೋರು ಉಜ್ಜುಕಾಗದ ಯಾಕೆ ತೊಗೊಂಡು ಹೋಗ್ತಾರೆ?”

“ದೋಷ ಮೇಲೆ ಕಾಣಲ್ಲಮ್ಮ. ಉಜ್ಜಿದ್ರೆ ಕಾಣುತ್ತೆ.”

“ಉಜ್ಜಿದ್ರೆ ಹೋಗುತ್ತೆ ಅಂತ ನಮ್ಮ ಕಾಲೇಜಲ್ಲಿ ಹೇಳ್ಕೊಟ್ಟಿದ್ದಾರೆ.”

ಎಲ್ಲಕ್ಕಿಂತ ದೊಡ್ಡ ದೋಷವನ್ನು ಮಾಮ ಕೊನೆಗೆ ಇಟ್ಟುಕೊಂಡಿದ್ದರು. ಅದು ಆ ಕಿಟಕಿ. ಪಕ್ಕಕ್ಕೆ ಸರಿಯಬೇಕಾದದ್ದು ಅರ್ಧಕ್ಕೆ ಕಚ್ಚಿಕೊಂಡು ಎಷ್ಟೋ ವರ್ಷಗಳಿಂದ ಅಲುಗಾಡಿರಲಿಲ್ಲ. ಇದರ ಮೇಲಾದರೂ ಶಿಕ್ಷಕಿ ಸೋಲಲೇಬೇಕು ಎಂದು ಮಾಮ ದೀರ್ಘ ಭಾಷಣ ಮಾಡಿದರು. ‘ಹೌದೇ?’ ಬಂತು. ಚಹಾ ಬಂತು, ಆರಿತು. ಎರಡನೆಯ ಸಲ ಬಂತು, ಅದೂ ಆರಿತು. ಮಾಮ ಕಿಟಕಿಯ ಓಟದ ಹಳಿಯಲ್ಲಿ ಸೇರಿದ್ದ ಬಣ್ಣದ ಪದರಗಳನ್ನು ಕೆರೆಯುತ್ತ, ಸವೆದ ಗಾಲಿಗಳಿಗೆ ಹಳೆಯ ಹೊಲಿಗೆ ಯಂತ್ರದ ಬೇರಿಂಗು ಹೊಂದಿಸುತ್ತ, ಕಾಲ ಮರೆತಿದ್ದರು. ಸಂಜೆ ಒಂದು ಬೆರಳಿನಿಂದ ತಳ್ಳಿದರು. ಅಷ್ಟು ದೊಡ್ಡ ಕಿಟಕಿ ನೀರಿನ ಮೇಲೆ ದೋಣಿ ಜಾರಿದಂತೆ ಜಾರಿತು. ಮೈದಾನದ ಗಾಳಿ ಒಳಗೆ ಬಂದು ಕೋಣೆಯನ್ನೆಲ್ಲ ತಿರುಗಿ ನೋಡಿತು. ಮಾಮ ಇನ್ನೊಮ್ಮೆ ತಳ್ಳಿದರು. ಮತ್ತೊಮ್ಮೆ. ಶಿಕ್ಷಕಿ ಬಾಗಿಲಲ್ಲಿ ನಿಂತಿರುವುದು ಕಂಡಾಗ ಕೆಮ್ಮಿ, ಇದು ಬಹಳ ಕೆಟ್ಟ ಕಿಟಕಿ ಎಂದರು.

ಶಿಕ್ಷಕಿ ಬೆಲೆಯಲ್ಲಿ ಒಂದು ಕಾಸೂ ಇಳಿಯಲಿಲ್ಲ. ಹಾಗಾದರೆ ಬ್ರಹ್ಮಾಸ್ತ್ರವೇ ಸರಿ ಎಂದು ಮಾಮ ಬ್ಯಾಂಕಿಗೆ ಹೋಗಿ, ಮನೆಯ ಬೆಲೆಯನ್ನು ಮತ್ತೊಮ್ಮೆ ಕಟ್ಟಬೇಕು, ಈ ಸಲ ನಾನೇ ಜೊತೆಗಿದ್ದು ದೋಷಗಳನ್ನೆಲ್ಲ ತೋರಿಸುತ್ತೇನೆ ಎಂದು ಅರ್ಜಿ ಹಾಕಿದರು. ಮೊದಲಿನದ್ದಕ್ಕಿಂತ ಇನ್ನೂ ಕೆಳಗಿನ ಅಂಕಿ ಬಂದರೆ ಶಿಕ್ಷಕಿ ಯಾವ ಗಣಿತ ಹೇಳುತ್ತಾರೋ ನೋಡೋಣ ಎಂಬುದು ಅವರ ಲೆಕ್ಕ. ಮಂಡಿನೋವಿನವರು ಗೊಣಗುತ್ತ ಬಂದರು. ಮಾಮ ಕೈ ಉಜ್ಜಿಕೊಳ್ಳುತ್ತ ಮುಂದಾದರು.

“ಈ ಬಾಗಿಲು ಕೇಳಿ ಸಾರ್, ಹೆಂಗೆ ಕಿರುಚುತ್ತೆ,” ಎಂದು ತೆರೆದರು. ಬಾಗಿಲು ತುಟಿ ಬಿಚ್ಚಲಿಲ್ಲ.

ನಲ್ಲಿಯ ಬಳಿ ಕರೆದೊಯ್ದು ಕಿವಿಗೊಟ್ಟು ನಿಲ್ಲಲು ಹೇಳಿದರು. ಇಬ್ಬರೂ ನಿಂತರು. ಹೊರಗೆ ಮೈದಾನದಲ್ಲಿ ಮಕ್ಕಳು ಆಡುವ ಸದ್ದು ಕೇಳಿತು, ನಲ್ಲಿಯದ್ದು ಮಾತ್ರ ಕೇಳಲಿಲ್ಲ. ಮೆಟ್ಟಿಲ ಮೇಲೆ ಮಾಮ ಹತ್ತಿದರು, ಇಳಿದರು, ಕೊನೆಗೆ ಎರಡೂ ಕಾಲೆತ್ತಿ ಕುಣಿದರು. ಮೆಟ್ಟಿಲು ಬಂಡೆಯ ಹಾಗೆ ನಿಂತಿತ್ತು. ತಾನು ಮಾಡಿದ್ದು ಏನೆಂದು ಮಾಮನಿಗೆ ಆ ಕುಣಿತದ ನಡುವೆ, ಗಾಳಿಯಲ್ಲಿದ್ದಾಗ ಹೊಳೆಯಿತು. ಕೆಳಗೆ ಬಂದ ಮೇಲೆ ಕಿಟಕಿಯ ಹತ್ತಿರ ಅವರು ಹೋಗಲೇ ಇಲ್ಲ. ಬೆಲೆ ಕಟ್ಟುವವರೇ ಹೋಗಿ ಬೆರಳಿಟ್ಟರು, ಕಿಟಕಿ ಜಾರಿತು, ಆ ಮನುಷ್ಯ ಬಹುಶಃ ಜೀವನದಲ್ಲಿ ಮೊದಲ ಸಲ ಗೊಣಗುವುದನ್ನು ನಿಲ್ಲಿಸಿದರು.

“ಹೋದ ಸಲ ನೋಡಿದ ಮನೇನಾ ಇದು?” ಎಂದು ಕೇಳಿ, ಏನೋ ಬರೆದುಕೊಂಡು ಹೋದರು.

ಆ ರಾತ್ರಿ ಊಟಕ್ಕೆ ಕೂತ ಮಾಮ ಯುದ್ಧದ ವರದಿ ಒಪ್ಪಿಸಲಿಲ್ಲ. ಮನೆಯ ಬೆಲೆ ಏರುತ್ತದೆ, ಶಿಕ್ಷಕಿ ಇನ್ನು ಹೆಚ್ಚೇ ಕೇಳುತ್ತಾರೆ, ಎಲ್ಲ ನನ್ನ ಕೈಯಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿ ತಟ್ಟೆ ನೋಡಿದರು. ಮಗಳು ಬಾಯಿ ತೆರೆದಳು, ಅಮ್ಮ ಮೇಜಿನ ಕೆಳಗೆ ಅವಳ ಕಾಲು ತುಳಿದಳು.

ಅದಾದ ಕೆಲವು ದಿನಗಳ ಮೇಲೆ ಮಾಮ ಕ್ಷೌರದಂಗಡಿಯ ಕುರ್ಚಿಯಲ್ಲಿ, ಎರಡೂ ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಬಲಗೆನ್ನೆ ಮುಗಿದಿತ್ತು. ಕ್ಷೌರದವನು ಕತ್ತಿ ಒರೆಸುತ್ತ, ನಿನ್ನೆ ಹಲ್ಲಿನ ಡಾಕ್ಟರು ಬಂದಿದ್ದರು, ಅವರಿಗೆ ಆ ಮೂಲೆಮನೆ ಬಹಳ ಹಿಡಿಸಿದೆಯಂತೆ, ಕಿಟಕಿ ಒಂದೇ ಬೆರಳಿಗೆ ಸರಿಯುತ್ತದಂತೆ, ಕೇಳಿದ್ದಕ್ಕಿಂತ ಹೆಚ್ಚೇ ಕೊಡಲು ತಯಾರಿದ್ದಾರಂತೆ ಎಂದ. ಹೇಳಿ ಮುಗಿಸಿ ಎಡಗೆನ್ನೆಗೆ ಕತ್ತಿ ತಂದರೆ ಕುರ್ಚಿ ಖಾಲಿ. ಬಿಳಿಯ ಬಟ್ಟೆ ಕೊರಳಲ್ಲಿ ಹಾರಾಡಿಸಿಕೊಂಡು ಮಾಮ ಬೀದಿಯಲ್ಲಿದ್ದರು.

ಅಂಗಡಿಯ ಬಾಗಿಲಲ್ಲಿ ಒಂದು ಕ್ಷಣ ನಿಂತರು. ಒಳಗಿನ ಕೋಣೆಯ ಆ ಒಂದೇ ಕಿಟಕಿ ಅಲ್ಲಿಂದಲೇ ಕಾಣುತ್ತಿತ್ತು, ಅದರಾಚೆಯ ಗೋಡೆಯೂ. ಅದರ ಮುಂದೆ ಹೆಂಡತಿಯ ಯಂತ್ರ, ಯಂತ್ರದ ಮೇಲೆ ಯಾರದ್ದೋ ಮನೆಗೆ ಹೋಗಲಿರುವ ಹೂವಿನ ಪರದೆ. ಅವಳು ಇರಲಿಲ್ಲ. ಶಪಥ, ಬೋರ್ಡು, ಮಾರುಕಟ್ಟೆ ಬೆಲೆ, ಎಲ್ಲವೂ ಮಾಮನ ತಲೆಯಿಂದ ಇಳಿದುಹೋದವು. ಗಾಜಿನ ಪೆಟ್ಟಿಗೆ ತೆರೆದರು. ಹಿತ್ತಾಳೆಯ ಚಕ್ರದ ಮಹಾರಾಜನನ್ನು ಮಗುವಿನಂತೆ ಎತ್ತಿ ಎದೆಗೆ ಅವಚಿಕೊಂಡರು. ಅದು ಮಗುವಿನಷ್ಟು ಹಗುರವಾಗಿರಲಿಲ್ಲ. ಮೂಲೆಮನೆ ತಲುಪುವಷ್ಟರಲ್ಲಿ ಮಾಮನ ಉಸಿರು ಹಳೆಯ ಮುಂಬಾಗಿಲಿನ ಹಾಗೆ ಕೂಗುತ್ತಿತ್ತು.

ಶಿಕ್ಷಕಿಯ ಮುಂದಿನ ಮೇಜಿನ ಮೇಲೆ ಯಂತ್ರವನ್ನು ದಡಕ್ಕನೆ ಇಟ್ಟರು. ಶಿಕ್ಷಕಿ ಕನ್ನಡಕ ಏರಿಸಿಕೊಂಡು ಯಂತ್ರ ನೋಡಿದರು. ಆಮೇಲೆ ನೊರೆ ನೋಡಿದರು.

“ನನಗೆ ಹೊಲಿಯೋಕೆ ಬರಲ್ಲ,” ಎಂದರು.

ಮಾಮ ನಿಂತಲ್ಲೇ ಎಲ್ಲವನ್ನೂ ಹೇಳಿದರು. ಇದನ್ನು ಮಾರಿದರೆ ಒಳ್ಳೆಯ ಹಣ ಬರುತ್ತದೆ, ನೀವು ಕೇಳಿದ ಬೆಲೆ ಕೊಡುತ್ತೇನೆ, ಡಾಕ್ಟರು ಹೆಚ್ಚು ಕೊಟ್ಟರೆ ಅದಕ್ಕಿಂತಲೂ ಹೆಚ್ಚು ಹೇಗಾದರೂ ಹೊಂದಿಸುತ್ತೇನೆ, ಮಾರುಕಟ್ಟೆ ಬೆಲೆ ಹಾಳಾಗಿ ಹೋಗಲಿ ಎಂದರು. ಮಾತಾಡುತ್ತ ಅವರ ಕೈ ತಾನಾಗಿ ಕಿಟಕಿಯ ಚೌಕಟ್ಟು ಸವರುತ್ತಿತ್ತು.

“ಈ ಕಿಟಕೀನ ಎಡಗಡೆಯಿಂದ ಮೆಲ್ಲಗೆ ತಳ್ಳಬೇಕು ಟೀಚರ್. ಆ ಡಾಕ್ಟರಿಗೆ ಏನು ಗೊತ್ತು? ಹಲ್ಲು ಕಿತ್ತ ಹಾಗೆ ಕಿತ್ತುಬಿಡ್ತಾರೆ. ಇದು ನನಗೆ ಬೇಕು. ನನ್ನ ಹೆಂಡ್ತಿ ಇಲ್ಲಿ ಕೂತ್ಕೊಂಡು ಹೊಲೀಬೇಕು.”

ಡಾಕ್ಟರು ಬಂದದ್ದು ನಿಜ, ಹೆಚ್ಚು ಕೊಡುತ್ತೇನೆ ಎಂದದ್ದೂ ನಿಜ, ಆದರೆ ತಿಂಗಳ ಕೊನೆಯವರೆಗೆ ಇನ್ನೊಬ್ಬರಿಗೆ ಮಾತು ಕೊಟ್ಟಿದ್ದೇನೆ ಎಂದು ಕಳುಹಿಸಿಬಿಟ್ಟೆ ಎಂದರು ಶಿಕ್ಷಕಿ. ಆ ಇನ್ನೊಬ್ಬರು ಯಾರು ಎಂದು ಮಾಮ ಕೇಳಿದರು. ಉತ್ತರ ಅಡುಗೆಮನೆಯಿಂದ ಬಂತು, ಕೈಯಲ್ಲಿ ಮೂರು ಲೋಟ ಚಹಾ ಹಿಡಿದುಕೊಂಡು. ಪರದೆಯಕ್ಕ! ಅವಳ ಕಣ್ಣು ಒದ್ದೆಯಾಗಿತ್ತು, ತುಟಿ ನಗುತ್ತಿತ್ತು, ಎರಡನ್ನೂ ಒಟ್ಟಿಗೆ ನಿಭಾಯಿಸಲು ಹೆಣಗುತ್ತಿದ್ದಳು.

ಸಂಗತಿ ಇಷ್ಟೇ. ಮೊದಲ ಸಲ ಬೆಲೆ ಕಟ್ಟಲು ಬಂದವರು ಗೇಟಿನಲ್ಲಿ ನಿಂತು ಮಂಡಿಯ ಕಥೆ ಮುಗಿಸಿದ ಮೇಲೆ, ಗೋಡೆ ಗಟ್ಟಿಯಿದೆ, ಜಾಗ ಚೆನ್ನಾಗಿದೆ, ಈ ಬಾಗಿಲು ಕಿಟಕಿ ಮೆಟ್ಟಿಲು ಸರಿಯಿದ್ದಿದ್ದರೆ ನಾನು ಎಷ್ಟೋ ಹೆಚ್ಚು ಬರೆಯುತ್ತಿದ್ದೆ ಎಂದು ಗೊಣಗಿದ್ದರು. ಗೊಣಗುವವರ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆ ಇದ್ದವಳು ಅವಳೊಬ್ಬಳೇ. ಬ್ಯಾಂಕಿನ ಅಂಕಿ ಏರಿದರೆ ಸಾಲ ಏರುತ್ತದೆ, ಸಾಲ ಏರಿದರೆ ಶಿಕ್ಷಕಿಯ ಬೆಲೆ ಕೈಗೆ ಸಿಗುತ್ತದೆ. ಅಂದೇ ಅವಳು ಒಬ್ಬಳೇ ಹಿಂದಿರುಗಿ, ಶಿಕ್ಷಕಿಯ ಮುಂದೆ ಎಲ್ಲವನ್ನೂ ಬಿಚ್ಚಿಟ್ಟು ತಿಂಗಳ ಗಡುವು ಬೇಡಿದ್ದಳು. ನಮ್ಮವರು ದೋಷ ಹುಡುಕಲು ಬರುತ್ತಾರೆ, ನೀವು ‘ಹೌದೇ’ ಎಂದು ಒಳಗೆ ಹೋಗಿಬಿಡಿ, ಎದುರಿಗೆ ನಿಂತರೆ ಅವರು ಮಾತಾಡುತ್ತಾರೆ, ಒಬ್ಬರೇ ಇದ್ದರೆ ಕೆಲಸ ಮಾಡುತ್ತಾರೆ ಎಂದೂ ಹೇಳಿಕೊಟ್ಟಿದ್ದಳು. ಬ್ಯಾಂಕಿನ ಹೊಸ ಅಂಕಿ ಬಂದಿತ್ತು. ಅದು ಶಿಕ್ಷಕಿಯ ಬೆಲೆಗೆ ಸರಿಯಾಗಿ ಬಂದು ನಿಂತು, ಮೇಲೆ ಒಂದಿಷ್ಟು ಇಣುಕುತ್ತಿತ್ತು.

ಮಾಮ ಕುರ್ಚಿಯಲ್ಲಿ ಕುಸಿದರು.

“ನಾನು ಇಳಿಸೋಕೆ ಬಂದಿದ್ದು.”

“ಏರಿಸಿದ್ರಿ,” ಎಂದಳು ಹೆಂಡತಿ. “ಅದೂ ಎಷ್ಟು ಚೆನ್ನಾಗಿ ಏರಿಸಿದ್ರಿ. ನಿಮ್ಮ ಮಾತೂ ಉಳೀತು ನೋಡಿ. ಮಾರ್ಕೆಟ್ ಬೆಲೆಗಿಂತ ಒಂದು ಕಾಸು ಜಾಸ್ತಿ ಕೊಡ್ತಾ ಇಲ್ಲ.”

“ನನಗೆ ಮೊದಲೇ ಹೇಳಿದ್ರೆ ಆಗ್ತಿರಲಿಲ್ವಾ?”

“ಬೇರೆಯವರ ಮನೆ ರಿಪೇರಿ ಮಾಡಿ, ಅದರ ಬೆಲೆ ಏರ್ಲಿ ಅಂತ ಹೇಳಿದ್ರೆ ಮಾಡ್ತಿದ್ರಾ?”

ಮಾಮ ಉತ್ತರಿಸಲು ಬಾಯಿ ತೆರೆದರು. ಎಡಗೆನ್ನೆಯ ನೊರೆ ಒಳಗೆ ಹೋಯಿತು. ಮುಚ್ಚಿಕೊಂಡರು.

ಅವಳು ಅವರ ಕೊರಳಿನ ಬಿಳಿ ಬಟ್ಟೆಯ ತುದಿಯಿಂದಲೇ ಆ ಕೆನ್ನೆ ಒರೆಸಿದಳು. ಬ್ಯಾಂಕಿನವರು ನನಗೆ ಹೇಳಿದ್ದು ಮೊನ್ನೆಯೇ, ಅಷ್ಟರಲ್ಲಿ ಡಾಕ್ಟರು ಬಂದರು, ಎರಡು ದಿನ ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ ಎಂದಳು. ಆಮೇಲೆ ದನಿ ತಗ್ಗಿಸಿದಳು.

“ನಾನೇ ಹೇಳಬಹುದಿತ್ತು. ಆದ್ರೆ ನೀವು ಬರೀ ನನಗೋಸ್ಕರ ಕೊಂಡ ಮನೇಲಿ ನಾನು ಇರೋದು ಹೇಗೆ? ನಿಮಗೂ ಬೇಕು ಅಂತ ನಿಮ್ಮ ಬಾಯಿಂದ ಬರ್ಲಿ ಅಂತ ದೇವರನ್ನ ಕೇಳ್ಕೊಂಡೆ. ಬಂತು.”

ಮಾಮ ಜೇಬಿನಲ್ಲಿದ್ದ ಸ್ಕ್ರೂಡ್ರೈವರ್ ತೆಗೆದು, ಮೇಜಿನ ಕಾಲು ಸಡಿಲವಾಗಿದೆಯೇನೋ ಎಂದು ಬಗ್ಗಿ ನೋಡಿದರು. ಅಳುವ ಗಂಡಸು ಬೇರೇನು ಮಾಡಲು ಸಾಧ್ಯ? ಮೇಜಿನ ಕಾಲು ಗಟ್ಟಿಯಾಗಿಯೇ ಇತ್ತು. ಅದನ್ನೂ ಅವರೇ ಮೊನ್ನೆ ಬಿಗಿ ಮಾಡಿದ್ದರು.

ಶಿಕ್ಷಕಿಗೆ ಕನಿಕರವೆನಿಸಿತು. ಆ ಮನುಷ್ಯ ಊರ ಮುಂದೆ ಮಾಡಿದ ಶಪಥ ಅವರ ಕಿವಿಗೂ ಬಿದ್ದಿತ್ತು. ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಜೀವಮಾನದಲ್ಲಿ ತಪ್ಪು ಉತ್ತರ ಹೇಳಿದವಳಲ್ಲ, ಆದರೂ ನಿಮಗಾಗಿ ಒಂದು ಸಲ ಹೇಳುತ್ತೇನೆ ಎಂದರು. ನಾಳೆ ನಿಮ್ಮ ಬೀದಿಗೆ ಬಂದು, ಆ ಕ್ಷೌರದಂಗಡಿಯ ಮುಂದೆಯೇ ನಿಂತು, ಮಿಷನ್ ಮಾಮ ಚೌಕಾಸಿ ಮಾಡಿ ನನ್ನನ್ನು ಸೋಲಿಸಿದರು, ಬೆಲೆ ಇಳಿಸಿಯೇ ಬಿಟ್ಟರು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಲೇ ಎಂದು ಕೇಳಿದರು.

ಮಾಮ ಮೇಜಿನ ಕೆಳಗಿನಿಂದ ಎದ್ದರು. ಒಂದು ಗಳಿಗೆ ಅವರ ಮುಖದಲ್ಲಿ ಹಳೆಯ ಚಕ್ರವರ್ತಿ ಇಣುಕಿದ. ಹೆಂಡತಿಯ ಕಡೆ ನೋಡಿದರು. ಅವಳು ಏನೂ ತಿಳಿಯದವಳಂತೆ ಚಹಾ ಊದುತ್ತಿದ್ದಳು.

“ಬೇಡ ಟೀಚರ್,” ಎಂದರು ಮಾಮ. “ನೀವು ಹೇಳಿದ್ರೂ ನಮ್ಮ ಬೀದೀಲಿ ಯಾರೂ ನಂಬಲ್ಲ. ಅವರಿಗೆಲ್ಲ ಇವಳು ಗೊತ್ತು.”